ಎರಡು ಕೋಟಿ ಬಳಗ

ಇನ್‌ಸ್ಟಾಗ್ರಾಮಿನಲ್ಲಿ ಎರಡು ಕೋಟಿ ಫಾಲೋವರ್‌ಗಳಿದ್ದ ಸ್ಪೇನಿನ ಆ ಫುಟ್‌ಬಾಲ್ ಆಟಗಾರ, ಮಂಡಿಗೆ ಪೆಟ್ಟು ಬಿದ್ದು ತಿಂಗಳಿಂದ ಫ್ಲಾಟಿನಲ್ಲಿ ಒಬ್ಬನೇ ಬಿದ್ದುಕೊಂಡಿದ್ದ. ಬೇಗ ಗುಣವಾಗಲಿ ಎಂದು ಬರೆದವರು ಲಕ್ಷಾಂತರ ಮಂದಿ. ಬಾಗಿಲು ತಟ್ಟಿದವರು ಒಬ್ಬರೂ ಇಲ್ಲ. ಅವನ ಹೆಸರಿನಲ್ಲಿ ಎಲ್ಲರಿಗೂ ಉತ್ತರ ಬರೆಯುವುದು ಅವನ ವ್ಯವಹಾರ ನೋಡಿಕೊಳ್ಳುವ ಕಚೇರಿಯ ಒಬ್ಬ ಹುಡುಗಿಯ ಕೆಲಸ.

ಮಾತಿಗೆ ಯಾರೂ ಸಿಗದೆ, ಕೊನೆಗೆ, ಚಿಕ್ಕಂದಿನಲ್ಲಿ ಆಟ ಕಲಿಸಿದ ಗುರುವಿಗೆ ಫೋನು ಮಾಡಿದ.

"ಒಂಬತ್ತು ವರ್ಷದಿಂದ ನಿಮ್ಮನ್ನ ವಿಚಾರಿಸಲೇ ಇಲ್ಲ. ಬೇಜಾರಾ ಸರ್?"

"ಬೇಜಾರ್ಯಾಕೋ? ನಿನ್ನ ಅಕೌಂಟಿಂದ ದಿನಾ ಮೆಸೇಜ್ ಬರುತ್ತಲ್ಲ, ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ."

"ಸರ್, ಅದು ನಾನು ಬರೆದಿದ್ದಲ್ಲ."

"ಗೊತ್ತಪ್ಪ. ಆ ಹುಡುಗಿ ಪ್ರತಿ ಭಾನುವಾರ ಇಲ್ಲಿಗೇ ಊಟಕ್ಕೆ ಬರ್ತಾಳೆ. ಪುರುಸೊತ್ತಾದ್ರೆ ನೀನೂ ಬಾ."