ಎಂಬತ್ಮೂರರ ಪೇಢೆ

"ಎಂಬತ್ಮೂರು! ನಮ್ಮ ಶೀತಲ ಎಂಬತ್ಮೂರು ಹೊಡದಾಳ!" ಎನ್ನುತ್ತಾ ದಾನಪ್ಪ ಮುಂಬೈಯ ದಾದರಿನ ತನ್ನ ಬಿಲ್ಡಿಂಗಿನ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಾ ಹೊರಟಿದ್ದ. ಹಿಂದೆ ಪೇಢೆಯ ಡಬ್ಬಿ ಹಿಡಿದು ಹೆಂಡತಿ ಅಂಬವ್ವ. ಮೊಮ್ಮಗಳು ಶೀತಲ ಬ್ಯಾಂಕಾಕಿನಲ್ಲಿ ಭಾರತದ ಪರವಾಗಿ ಗಾಲ್ಫ್ ಆಡುತ್ತಿದ್ದಳು. ಹವ್ಯಾಸಿ ಹುಡುಗಿಯರ ಅಂತರರಾಷ್ಟ್ರೀಯ ತಂಡ ಚಾಂಪಿಯನ್‌ಶಿಪ್. ದೇಶಕ್ಕೆ ಮೂವರು, ನಾಲ್ಕು ದಿನದ ಆಟ. ಮೂರನೆಯ ದಿನದ ಸ್ಕೋರು ಈಗಷ್ಟೇ ಮೊಬೈಲಿನಲ್ಲಿ ಬಂದಿತ್ತು. ಉಳಿದಿಬ್ಬರದು ಎಪ್ಪತ್ತೊಂದು, ಎಪ್ಪತ್ಮೂರು. ಶೀತಲಳದು ಎಂಬತ್ಮೂರು. ಇನ್ನೇನು ಬೇಕು?

"ಒಮ್ಮೆ ಯಾರನ್ನರೆ ಕೇಳಿ ಹಂಚಿದ್ರ ಚಲೋ ಇತ್ತು" ಎಂದು ಅಂಬವ್ವ ಮೊದಲ ಮಹಡಿಯಲ್ಲೇ ಅಂದಿದ್ದಳು.

"ಕೇಳೂದೇನೈತಿ ಇದರಾಗ? ಎಪ್ಪತ್ತೊಂದು ದೊಡ್ಡದೋ ಎಂಬತ್ಮೂರು ದೊಡ್ಡದೋ? ನಿನಗ ಇದೆಲ್ಲಾ ತಿಳಿಯಂಗಿಲ್ಲ, ಸುಮ್ನ ಬಾ."

ನೌಕಾಪಡೆಯಲ್ಲಿರುವ ಅಪ್ಪನ ಹಿಂದೆ ಮೈದಾನಕ್ಕೆ ಹೋಗಿ ಹೋಗಿ ಮೊಮ್ಮಗಳು ಹಚ್ಚಿಕೊಂಡ ಹುಚ್ಚು ಈ ಗಾಲ್ಫು. ದಾನಪ್ಪನ ಬಟ್ಟೆ ಅಂಗಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ 'ನನಗೆ ಗೊತ್ತಿಲ್ಲ' ಎಂಬ ಮಾತು ದಾನಪ್ಪನ ಬಾಯಿಂದ ಬಂದದ್ದನ್ನು ಈವರೆಗೆ ಯಾರೂ ಕೇಳಿಲ್ಲ. ಯಾವ ಲೋಕಲ್ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಸ್ಟೇಷನ್ನಿನಲ್ಲಿ ಅಪರಿಚಿತರಿಗೆ ಕರೆದು ಹೇಳುವವನು ಅವನು. ಕುಕ್ಕರ್ ಎಷ್ಟು ಸೀಟಿ ಹೊಡೆದರೆ ಬೇಳೆ ಬೇಯುತ್ತದೆ ಎಂದು ಅಂಬವ್ವನಿಗೆ ಹೇಳಿಕೊಡುವವನೂ ಅವನೇ.

ಮೂರನೆಯ ಮಹಡಿಯಲ್ಲಿ ಮೈಸೂರು ಕಡೆಯ ಶಾಮಣ್ಣನ ಮಗಳು ವಿಭಾ ಬಾಗಿಲು ತೆರೆದಳು. ಪೇಢೆ ಕೈಗೆ ತೆಗೆದುಕೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ.

"ಅಂಕಲ್, ಗಾಲ್ಫಲ್ಲಿ... ಉಲ್ಟಾ ಹೈ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲೋದು."

"ಅಂದ್ರ ಜಾಸ್ತಿ ಹೊಡದಾಕಿ?"

"ಲಾಸ್ಟು." ಹುಡುಗಿ ನೆಲ ನೋಡುತ್ತಾ ಮುಂದುವರಿಸಿದಳು. "ಮತ್ತೆ, ಮೂರು ಜನ ಆಡ್ತಾರೆ, ಆದ್ರೆ ಪ್ರತಿ ದಿನ ಚೆನ್ನಾಗಿ ಆಡಿದ ಇಬ್ಬರ ಸ್ಕೋರೇ ಟೀಮಿಗೆ ಸೇರೋದು. ಶೀತಲಂದು ಬಿಟ್‌ಬಿಟ್ಟಿದಾರೆ. ಮೂರೂ ದಿನ. ನಾನು ಮೊಬೈಲಲ್ಲಿ ನೋಡ್ತಿದ್ದೆ. ಸಾರಿ ಅಂಕಲ್."

ಕೆಳಗಿನ ಮಹಡಿಗಳವರ ಹೊಟ್ಟೆ ಸೇರಿದ ಪೇಢೆಯನ್ನು ವಾಪಸು ಕೇಳುವಂತಿರಲಿಲ್ಲ. ದಾನಪ್ಪ ಮೆಟ್ಟಿಲಿಳಿದ. ಮೊದಲು ಹಿಡಿದದ್ದು ನಾಚಿಕೆಯೇ. ಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಮೊಮ್ಮಗಳ ಮುಖ ನೆನಪಾಯಿತು. ಮೂರು ದಿನ ಬಿಸಿಲಲ್ಲಿ ಅಲೆದಿದ್ದಾಳೆ. ಒಂದು ದಿನದ ಆಟವೂ ಲೆಕ್ಕಕ್ಕಿಲ್ಲ. ಚಪ್ಪಲಿ ಬಿಡುತ್ತಿದ್ದಂತೆ ಫೋನು ಹೊಡೆದುಕೊಂಡಿತು. ಶೀತಲಳೇ.

"ಅಜ್ಜಾ, ನಾಳೆ ನಾ ಆಡಲ್ಲ. ಪೇಟ್ ಮೇ ದರ್ದ್ ಅಂತ ಕೋಚ್‌ಗೆ ಹೇಳ್ತೀನಿ. ಅಪ್ಪಾಗೆ ನೀ ಹೇಳು." ಅತ್ತು ಮುಗಿಸಿದ ದನಿ. ನಡುವೆ ಮತ್ತೆ ಅಳು ಬರುವ ಹಾಗಿತ್ತು.

ದಾನಪ್ಪ ಸಮಾಧಾನ ಹೇಳಲು ಬಾಯಿ ತೆರೆದ. ವಿಭಾ ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅದೇನನ್ನಿಸಿತೋ, ಅದನ್ನು ನುಂಗಿಕೊಂಡು ಇದ್ದಕ್ಕಿದ್ದಂತೆ ದನಿ ಎತ್ತರಿಸಿದ.

"ಹೊಟ್ಟಿ ಗಿಟ್ಟಿ ಇರಲಿ! ಎಂಬತ್ಮೂರು ಹೊಡದಿಯಲ್ಲ ನನ್ನ ಬಂಗಾರ! ಮೂವರೊಳಗ ನೀನ ಫಸ್ಟ್! ಬಿಲ್ಡಿಂಗ್ ತುಂಬ ಪೇಢೆ ಹಂಚಿ ಬಂದೀನಿ."

"ಪೇಢೆ? ಎಲ್ಲಾರಿಗೂ?" ಆಮೇಲೆ ಒಂದು ನಗು, ಮೂಗು ಕಟ್ಟಿದ ನಗು, ತಡೆಯಲಾಗದೆ ಹೊರಬಂತು. "ಅರೇ ಅಜ್ಜಾ! ಕಡಿಮೆ ಆಗಬೇಕು! ಕಡಿಮೆ!"

"ಕಡಿಮಿ ಆದ್ರ ಗೆದ್ದಂಗ ಹೆಂಗ ಆಕ್ಕೈತಿ? ನನ್ನ ಅಂಗಡಿ ಹಂಗ ನಡಿಸಿದ್ರ ಮುಚ್ಚಿಕೊಂಡ ಹೋಗತೈತಿ."

ಶೀತಲ ಹೇಳಿಕೊಡಲು ಕೂತಳು. ದಾನಪ್ಪ ದಡ್ಡನಾಗಿ ಕೂತ. ಒಂದು ಹೇಳಿದರೆ ಇನ್ನೊಂದು ಕೇಳಿದ, ತಿಳಿದದ್ದನ್ನು ತಪ್ಪು ತಿಳಿದು ಮತ್ತೆ ಹೇಳಿಸಿಕೊಂಡ. ಹುಡುಗಿಯ ದನಿಯಲ್ಲಿದ್ದ ಅಳು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಅಲ್ಲಬೇ, ಇಬ್ಬರದ ಹಿಡಿಯೂದು ಅಂದಮ್ಯಾಲೆ ಮೂರನೇದಾಕಿ ಯಾಕ ಬೇಕು?"

"ಒಬ್ಬಳ ಆಟ ಕೆಟ್ಟರೆ ಮೂರನೇದವಳ ಸ್ಕೋರ್ ಹಿಡೀತಾರೆ ಅಜ್ಜಾ. ಅದಕ್ಕೇ."

"ಹೌದಾ? ಮತ್ತ ನಾಳೆ ಆ ಇಬ್ಬರೊಳಗ ಒಬ್ಬಾಕಿದ ಕೆಟ್ಟು, ನೀ ಹೊಟ್ಟಿನೋವು ಅಂತ ಮಲಗಿದ್ರ?"

ದಾನಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಆಡ್ತೀನಿ," ಎಂದಳು ಶೀತಲ ಕೊನೆಗೆ. "ಆದ್ರೆ ನಾ ಫೋನ್ ಮಾಡೋ ತನಕ ಯಾರಿಗೂ ಏನೂ ಹಂಚಬ್ಯಾಡ. ಪ್ಲೀಸ್."

ಫೋನಿಟ್ಟು ದಾನಪ್ಪ ಬೆವರು ಒರೆಸಿಕೊಂಡ. ದಡ್ಡನಾಗಿರುವುದು ಇಷ್ಟು ದಣಿವಿನ ಕೆಲಸ ಎಂದು ಅವನಿಗೆ ತಿಳಿದಿರಲಿಲ್ಲ. ಅಂಬವ್ವ ಡಬ್ಬಿಯ ಮುಚ್ಚಳ ಹಾಕಿ ಗಂಡನನ್ನೇ ನೋಡುತ್ತಾ ನಿಂತಿದ್ದಳು.

"ಗೊತ್ತಿದ್ದೂ ಗೊತ್ತಿಲ್ಲದಂಗ ಇರೂದು ನಿಮಗೂ ಬರತೈತಲ್ರೀ," ಎಂದಳು. "ಈ ಮನ್ಯಾಗ ಅದು ನನಗೊಬ್ಬಾಕಿಗೇ ಬರತೈತಿ ಅನ್ಕೊಂಡಿದ್ದೆ."