ಕಪ್ಪು ವೈರು

ಬಾನೆಟ್ ಎತ್ತಿದ ಮಾವ ಬಗ್ಗಿ ಎರಡೆರಡು ಸಲ ನೋಡಿದರು. ಬ್ಯಾಟರಿಯ ಕಪ್ಪು ವೈರು ತನ್ನ ಜಾಗದಲ್ಲಿ ನಟ್ಟು ಬಿಗಿದುಕೊಂಡು, ಏನೂ ಅರಿಯದ ಮಗುವಿನ ಹಾಗೆ ಕೂತಿತ್ತು. ನಿನ್ನೆ ಸಂಜೆ ಅದನ್ನು ಬಿಚ್ಚಿ ಪಕ್ಕಕ್ಕೆ ಮಡಚಿಟ್ಟವರು ಅವರೇ. ಬಿಚ್ಚುವಾಗ ತರಚಿದ ಬೆರಳು ಇನ್ನೂ ಉರಿಯುತ್ತಿತ್ತು. ಕೀಲಿ ತಿರುಗಿಸಿದರೆ ಕಾರು ಒಮ್ಮೆ ಲೊಚಗುಟ್ಟಿ ಸುಮ್ಮನಾಯಿತು. ಮೆಟ್ಟಿಲ ಮೇಲೆ ನಿಂತಿದ್ದ ಸೊಸೆ ಅವರ ಮುಖ ನೋಡಿದಳು, ಕಾರಿನ ಮುಖ ನೋಡಿದಳು, ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ತಡವಾಗಿ ಹೋದರೆ ಕೇಳುವವರಿದ್ದಾರೆ.

ಇದು ಮೊದಲ ಸಲವಲ್ಲ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುವ ರೋಗ ಈ ಹಳೇ ಕಾರಿಗೆ ಅಂಟಿದಾಗ, ಕಾರಿನ ವೈರಿಂಗ್ ನೋಡುವ ಎಲೆಕ್ಟ್ರಿಷಿಯನ್ ಮಾವನಿಗೆ ಫೋನಿನಲ್ಲೇ ಒಂದು ದಾರಿ ಹೇಳಿದ್ದ. ಎಲ್ಲೋ ಕರೆಂಟು ಸೋರುತ್ತಿದೆ, ಭಾನುವಾರ ಬಂದು ಹುಡುಕುತ್ತೇನೆ, ಅಲ್ಲಿಯವರೆಗೆ ಸಂಜೆ ಕಪ್ಪು ವೈರು ಬಿಚ್ಚಿಡಿ, ಬೆಳಿಗ್ಗೆ ಹಾಕಿ. ಮಾವ ಹಾಗೇ ಮಾಡುತ್ತಿದ್ದರು. ಹಗಲೆಲ್ಲ ಚಾರ್ಜಿಗೆ ಹಾಕುವರು, ಸಂಜೆ ಸ್ಟಾರ್ಟ್ ಮಾಡಿ ನೋಡಿ ವೈರು ಬಿಚ್ಚುವರು. ಬೆಳಿಗ್ಗೆ ನೋಡಿದರೆ ವೈರು ಹಾಕಿದ್ದ ಹಾಗೇ ಇದೆ, ಬ್ಯಾಟರಿ ಖಾಲಿ. ಒಂದು ದಿನ, ಅಪ್ಪಿತಪ್ಪಿಯೂ ತಾಗದಿರಲೆಂದು ನಡುವೆ ಹಳೇ ಬನಿಯನ್ನಿನ ಚೂರೊಂದನ್ನು ಸಿಕ್ಕಿಸಿದರು. ಮರುದಿನ ಆ ಚೂರು ಒಗೆಸಿಕೊಂಡು, ಹಿತ್ತಲ ತಂತಿಯ ಮೇಲೆ ಕ್ಲಿಪ್ಪು ಹಾಕಿಸಿಕೊಂಡು ಒಣಗುತ್ತಿತ್ತು. ಅಂದರೆ ವೈರು ಹಾಕಿದ್ದಲ್ಲದೆ, ಬಟ್ಟೆಯನ್ನೂ ತಾವೇ ತಂದು ಒಗೆಯುವ ಬಕೆಟ್ಟಿಗೆ ಹಾಕಿರಬೇಕು. ಯಾವಾಗ? ತಲೆ ಎಷ್ಟು ಕೆರೆದುಕೊಂಡರೂ ನೆನಪಿಗೆ ಬರಲಿಲ್ಲ.

ಅವರ ಅಣ್ಣನಿಗೂ ಹೀಗೇ ಶುರುವಾಗಿತ್ತು. ಮೊದಲು ಕನ್ನಡಕ ಮರೆತ, ಆಮೇಲೆ ಒಲೆ ಆರಿಸುವುದು ಮರೆತ, ಕೊನೆಗೊಂದು ದಿನ ಎದುರು ಕೂತ ಸ್ವಂತ ತಮ್ಮನನ್ನೇ ಬಹಳ ಮರ್ಯಾದೆಯಿಂದ, ನೀವು ಯಾರ ಪೈಕಿ ಎಂದು ಕೇಳಿದ. ಆ ಪ್ರಶ್ನೆ ಈಗ ಮಾವನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಹಲ್ಲುಜ್ಜುವಾಗ ನೆಂಟರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡು ನೋಡುವರು. ಸೋದರತ್ತೆಯ ಎರಡನೇ ಅಳಿಯನ ಹೆಸರು ಸಿಗದ ದಿನ ಅನ್ನ ಸೇರಲಿಲ್ಲ.

ಸೊಸೆಯನ್ನು ಕೇಳಬಹುದಿತ್ತು. ಆದರೆ ಇಬ್ಬರಿಗೂ ಮಾತಿರಲಿಲ್ಲ. ಬ್ಯಾಟರಿ ಮೊದಲ ಸಲ ಕೈಕೊಟ್ಟಾಗ ಮಾವ ಗೋಡೆಯತ್ತ ತಿರುಗಿ, ಸ್ಟೀರಿಂಗ್ ತಿರುಗಿಸೋಕೆ ಬಂದ್ರೆ ಸಾಲದು, ಗಾಡಿ ಮೇಲೆ ಕರುಣೆಯೂ ಇರಬೇಕು ಎಂದಿದ್ದರು. ಅಂದಿನಿಂದ ಆ ಮನೆಯಲ್ಲಿ ಮಾತೆಲ್ಲ ಗೋಡೆಯ ಜೊತೆಗೇ. ಅವಳು ಕಾಫಿ ಇಟ್ಟಿದೆ ಎನ್ನುವಳು, ಇವರು ಸಕ್ಕರೆ ಕಮ್ಮಿಯಾಗಿದೆ ಎನ್ನುವರು. ನಡುವೆ ನಿಂತು ರಾಜಿ ಮಾಡಿಸಬೇಕಾದ ಮಗ ಕೆಲಸದ ಮೇಲೆ ದೂರ ಹೋಗಿದ್ದ. ಅಲ್ಲದೆ ಅವಳನ್ನು ಕೇಳಿ ಪ್ರಯೋಜನವೇನು? ಬಾನೆಟ್ ಎತ್ತುವುದು ಹೇಗೆಂದೇ ತಿಳಿಯದವಳು ಎಂದು ಅವರ ತೀರ್ಮಾನ.

ಭಾನುವಾರ ಎಲೆಕ್ಟ್ರಿಷಿಯನ್ ಬಂದ. ಕಪ್ಪು ವೈರಿಗೂ ಬ್ಯಾಟರಿಗೂ ನಡುವೆ ಮೀಟರ್ ಸಿಕ್ಕಿಸಿ, ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದ. ಒಂದನ್ನು ಕಿತ್ತೊಡನೆ ಮೀಟರಿನ ಅಂಕಿ ಜರ್ರನೆ ಇಳಿಯಿತು. ಅದು ಡಿಕ್ಕಿಯ ದೀಪದ ಫ್ಯೂಸು. ಅದನ್ನು ಮತ್ತೆ ಹಾಕಿ, ತನ್ನ ಫೋನಿನಲ್ಲಿ ವಿಡಿಯೋ ಶುರು ಮಾಡಿ ಡಿಕ್ಕಿಯೊಳಗಿಟ್ಟು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದ. ವಿಡಿಯೋದಲ್ಲಿ ನೋಡಿದರೆ, ಮುಚ್ಚಿದ ಡಿಕ್ಕಿಯೊಳಗೆ ದೀಪ ಆರಿರಲೇ ಇಲ್ಲ. ಬಾಗಿಲು ಮುಚ್ಚಿದಾಗ ಅದನ್ನು ಆರಿಸಬೇಕಾದ ಸ್ವಿಚ್ಚು ಕೆಟ್ಟಿತ್ತು.

"ಕಳ್ಳ ಸಿಕ್ಕಿದ, ಯಜಮಾನ್ರೇ. ರಾತ್ರಿಯಿಡೀ ಒಳಗೊಳಗೇ ದೀಪ ಹಚ್ಕೊಂಡು ಕೂತಿದಾನೆ," ಎಂದ. ಬಲ್ಬು ಬಿಚ್ಚಿ ಮಾವನ ಅಂಗೈಗೆ ಹಾಕಿ, ಹುಬ್ಬು ಗಂಟಿಕ್ಕಿದ. "ಆದ್ರೆ ಒಂದು ತಲೆಗೆ ಹೋಗ್ತಿಲ್ಲ. ವೈರು ಬಿಚ್ಚಿಟ್ರೆ ಈ ದೀಪ ಉರಿಯೋಕೇ ಆಗಲ್ಲ. ನೀವು ಬಿಚ್ತಿದ್ರಿ ತಾನೇ?"

ಮಾವ ಅಂಗೈಯ ಬಲ್ಬನ್ನು ಆಚೀಚೆ ಹೊರಳಿಸಿದರು. ಹೌದು ಎಂದರೆ ಸುಳ್ಳಾಗಬಹುದು, ಇಲ್ಲ ಎಂದರೆ ಅಣ್ಣನ ಗತಿಯನ್ನು ತಾವೇ ಒಪ್ಪಿಕೊಂಡಂತೆ.

"ಬಿಚ್ಚಿದೀನಿ ಅಂತ್ಲೇ ನನ್ನ ನೆನಪು," ಎಂದರು ಮೆಲ್ಲಗೆ. "ಬೆಳಿಗ್ಗೆ ನೋಡಿದ್ರೆ ಬಿಚ್ಚಿರಲ್ಲ."

ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಎಲೆಕ್ಟ್ರಿಷಿಯನ್ ನಕ್ಕ. ಅವನಿಗೆ ಕಾಫಿ ತಂದಿದ್ದ ಸೊಸೆ ಲೋಟ ಕೊಡಲು ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಬಿಚ್ಚಿಡೋಕೆ ನೀವೇ ಹೇಳಿದ್ರಾ?" ಎಂದು ಅವನನ್ನೇ ಕೇಳಿದಳು. ಮಾವನ ಕಡೆ ನೋಡುವ ಧೈರ್ಯವಿರಲಿಲ್ಲ. "ನನಗೇನು ಗೊತ್ತು? ಮಾವ ಸಂಜೆ ಏನೋ ರಿಪೇರಿ ಮಾಡಿ, ವೈರು ವಾಪಸ್ ಹಾಕೋದು ಮರೀತಿದಾರೆ ಅಂದ್ಕೊಂಡೆ. ಹೇಳಿದ್ರೆ ನೊಂದ್ಕೋತಾರೆ. ಅದಕ್ಕೇ ಪಾತ್ರೆ ತೊಳೆದಾದ್ಮೇಲೆ ಬಂದು, ಕಟಿಂಗ್ ಪ್ಲೇಯರ್ ತಗೊಂಡು ನಾನೇ ಬಿಗಿ ಮಾಡ್ತಿದ್ದೆ. ಒಂದಿನ ಮಧ್ಯೆ ಬಟ್ಟೇನೂ ಬಿಟ್ಟಿದ್ರು, ಒಗೆದು ಹಾಕ್ದೆ."

ಎಲೆಕ್ಟ್ರಿಷಿಯನ್ ತಾನೇ ಲೋಟ ತೆಗೆದುಕೊಂಡು, ಕಾಫಿ ಊದುವ ನೆಪದಲ್ಲಿ ಆ ಕಡೆ ತಿರುಗಿದ. ಮಾವ ಬಲ್ಬನ್ನು ಹಿಡಿದುಕೊಂಡೇ ಕಾರಿಗೆ ಒರಗಿದರು. ಈಗ ಗೋಡೆಗೆ ಮಂಗಳಾರತಿ ಶುರುವಾಗುತ್ತದೆಂದು ಸೊಸೆ ಸೆರಗು ಬಿಗಿ ಹಿಡಿದು ನಿಂತಳು. ಅವರು ಗೋಡೆಯ ಕಡೆ ತಿರುಗಲಿಲ್ಲ.

"ನೀನಾ?" ಎಂದರು ಅವಳ ಮುಖವನ್ನೇ ನೋಡುತ್ತ.

"ಹೂಂ ಮಾವ. ತಪ್ಪಾಯ್ತು. ನಾನೇ ಹಾಕ್ತಿದ್ದೆ."

"ಇನ್ನೊಂದು ಸಲ ಹೇಳಮ್ಮ," ಎಂದರು ಮಾವ.