ಸದ್ದು ನಿಂತ ಮೇಲೆ

ಎರಡನೇ ಚರಣದ ನಡುವೆ ವೇದಿಕೆಯ ಸ್ಪೀಕರುಗಳು ಕೆಟ್ಟು ನಿಂತವು. ದೀಪಗಳು ಮಾತ್ರ ಉರಿಯುತ್ತಿದ್ದವು. ಹಾಡುತ್ತಿದ್ದ ತಮ್ಮ, ಗಿಟಾರಿನಿಂದ ಕೈ ತೆಗೆದ. ಬೇಸ್ ಗಿಟಾರ್ ನುಡಿಸುತ್ತಿದ್ದ ಗಡ್ಡಪ್ಪನೂ ನಿಲ್ಲಿಸಿದ. ಹಿಂದೆ ಅಕ್ಕನ ಡ್ರಮ್ಸ್ ಮಾತ್ರ ನಿಲ್ಲಲಿಲ್ಲ.

ತಮಾಷೆಯೆಂದುಕೊಂಡು ಜನ ನಕ್ಕರು. ತಮ್ಮ ತಿರುಗಿ ನೋಡಿದ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಅವನೊಬ್ಬನೇ ಹಾಡುವ ಸಾಲು ಬರುತ್ತಲೇ ಕಡ್ಡಿಗಳನ್ನು ಎತ್ತಿ ಹಿಡಿದು ಕಾದಳು. ಇಲ್ಲದ ದನಿಗೆ ತಲೆದೂಗಿ, ಸಾಲು ಮುಗಿಯಬೇಕಾದ ಕ್ಷಣಕ್ಕೆ ಸರಿಯಾಗಿ ಮತ್ತೆ ಬಾರಿಸಿದಳು. ನಗುತ್ತಿದ್ದವರು ಸುಮ್ಮನಾದರು.

ಈಚೆಗೆ ಏನು ಕೇಳಿದರೂ ಅವಳು ಬರೀ ನಕ್ಕು ತಲೆಯಾಡಿಸುತ್ತಿದ್ದುದು ಯಾಕೆಂದು ಅವನಿಗೆ ಆಗ ಹೊಳೆಯಿತು. ಮೂವತ್ತು ವರ್ಷ ತನ್ನ ಬೆನ್ನ ಹಿಂದೆಯೇ ಕೂತವಳ ಕಿವಿ ಹೋದದ್ದು ತನಗೆ ತಿಳಿದೇ ಇರಲಿಲ್ಲ.

ಗಡ್ಡಪ್ಪ ಅವಳ ಭುಜ ಮುಟ್ಟಲು ಹೊರಟಾಗ ತಮ್ಮ ಅವನ ತೋಳು ಹಿಡಿದು ತಡೆದ. "ಬೇಡ ಕಣೋ, ಇಷ್ಟು ಜನರ ಮುಂದೆ. ಅವಳು ಕಣ್ಣು ಬಿಟ್ಟಾಗ ನಾವು ನುಡಿಸ್ತಾ ಇರ್ಬೇಕು."

"ಏನ್ ನುಡಿಸ್ಲಿ? ಸೌಂಡೇ ಇಲ್ವಲ್ಲೋ."

"ಇಲ್ದಿದ್ರೆ ಬೇಡ. ಕೈ ಆಡಿಸು."

ತಮ್ಮ, ಸದ್ದಿಲ್ಲದ ಮೈಕಿಗೆ ಬಾಯಿ ಹಚ್ಚಿ, ತಂತಿಗಳ ಮೇಲೆ ಬೆರಳಾಡಿಸುತ್ತ, ದನಿಯಿಲ್ಲದೆ ತುಟಿ ಅಲುಗಿಸತೊಡಗಿದ.

ಅಕ್ಕ ಕಣ್ಣು ತೆರೆದಳು. ಹಾಡುತ್ತಿರುವ ತಮ್ಮನನ್ನು ಕಂಡು, ಎಂದಿನಂತೆ ನಕ್ಕು, ತಾಳ ಏರಿಸಿದಳು.